ಹಚ್ಚುವ ಜಾಗ ಒಂದು, ಇಳಿಸುವ ಜಾಗ ಒಂದು: ಕರ್ನಲ್‌ನ ಮೆಮೊರಿ ಲೆಕ್ಕದ ಕೋಡನ್ನು ಸರಳ ಮಾಡುವ ಸಮಗ್ರ ಮಾರ್ಗದರ್ಶಿ

ನಮ್ಮಪ್ಪ ದಾವಣಗೆರೆ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಅವರಿಗೆ ತಲೆನೋವು ಜೋಳದ ಲೆಕ್ಕದ್ದಲ್ಲ, ಖಾಲಿ ಗೋಣಿಚೀಲದ್ದು. ರೈತರು ಅಂಗಡಿಯಿಂದ ಚೀಲ ಒಯ್ಯುತ್ತಿದ್ದರು. ಒಯ್ದಾಗ ಅವರ ಖಾತೆಗೆ ಹಚ್ಚಬೇಕು, ವಾಪಸ್ ಬಂದಾಗ ಇಳಿಸಬೇಕು. ಇಷ್ಟೇ ಕೆಲಸ. ಆದರೂ ಸುಗ್ಗಿ ಮುಗಿಯುವ ಹೊತ್ತಿಗೆ ಕೆಲವರ ಖಾತೆಯಲ್ಲಿ ಇಲ್ಲದ ಚೀಲ ಬಾಕಿ ಇರುತ್ತಿತ್ತು. ಇನ್ನು ಕೆಲವರು ಒಯ್ದದ್ದಕ್ಕಿಂತ ಜಾಸ್ತಿ ವಾಪಸ್ ಕೊಟ್ಟಿರುತ್ತಿದ್ದರು!

ಲಿನಕ್ಸ್ ಕರ್ನಲ್‌ನಲ್ಲಿ ಮೆಮೊರಿಯ ಲೆಕ್ಕ ಬರೆಯುವ ಕೋಡ್ ಮಾಡುವುದೂ ಇದೇ ಕೆಲಸ. ಕೆಡುವುದೂ ಹೀಗೆಯೇ. ಕೂಡುವುದು, ಕಳೆಯುವುದು ಕಷ್ಟವಲ್ಲ. ಕೂಡಿದ್ದು ಒಂದು ಕಡೆ, ಕಳೆದದ್ದು ಹತ್ತು ಕಡೆ ಆದಾಗ ಕಷ್ಟ ಶುರುವಾಗುತ್ತದೆ.

ಭಾನುವಾರ ನಮ್ಮ ಮನೆಯಲ್ಲಿ ನಾಲ್ಕೈದು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ ಕರ್ನಲ್ ಕೋಡ್ ಓದುತ್ತೇವೆ. ಅಭ್ಯಾಸಕ್ಕೆಂದು ಒಂದು ಚಿಕ್ಕ ಡ್ರೈವರ್ ಇಟ್ಟುಕೊಂಡಿದ್ದೇವೆ. ಪ್ರೋಗ್ರಾಂ ಒಂದು ಬಫರ್ ಕೊಡುತ್ತದೆ. ಡ್ರೈವರ್ ಆ ಬಫರ್‌ನ ಪೇಜ್‌ಗಳನ್ನು (ಮೆಮೊರಿಯ ಸಮ ಗಾತ್ರದ ತುಂಡುಗಳನ್ನು) ಪಿನ್ ಮಾಡುತ್ತದೆ, ಅಂದರೆ ಅಲುಗಾಡದಂತೆ ಹಿಡಿದಿಡುತ್ತದೆ. ಹಿಡಿದ ಪೇಜನ್ನು ಸ್ವಾಪ್‌ಗೆ, ಅಂದರೆ ಡಿಸ್ಕ್‌ಗೆ, ಕಳಿಸಲು ಆಗುವುದಿಲ್ಲ. ಹಾಗಾಗಿ ಒಬ್ಬರು ಎಷ್ಟು ಹಿಡಿಯಬಹುದು ಎಂಬುದಕ್ಕೆ ಮೆಮ್‌ಲಾಕ್ ಮಿತಿ ಇದೆ. ಈ ಮಿತಿಯ ಲೆಕ್ಕ ನಮ್ಮ ಡ್ರೈವರ್‌ನಲ್ಲಿ ಚೆಲ್ಲಾಪಿಲ್ಲಿಯಾಗಿತ್ತು. ಅದನ್ನು ಸರಿ ಮಾಡಿದ ದಾರಿಯನ್ನೇ ಇಲ್ಲಿ ಬರೆದಿದ್ದೇನೆ. ಸಿ ಭಾಷೆ ಗೊತ್ತಿದ್ದು, ಒಮ್ಮೆಯಾದರೂ ಕರ್ನಲ್ ಬಿಲ್ಡ್ ಮಾಡಿದ್ದರೆ ಸಾಕು. ಪ್ರಯೋಗವೆಲ್ಲ ಕ್ಯೂಇಎಂಯು ಎಂಬ ವರ್ಚುವಲ್ ಮಷಿನ್ ಒಳಗೇ ಮಾಡಿ. ಸ್ವಂತ ಲ್ಯಾಪ್‌ಟಾಪ್ ಮೇಲೆ ಬೇಡ.

ಹೆಜ್ಜೆ 1: ಇದು ಯಾವ ಪುಸ್ತಕ ಅಂತ ಮೊದಲು ಕೇಳಿ

ಕರ್ನಲ್‌ನಲ್ಲಿ ಮೆಮೊರಿಗೆ ಒಂದೇ ಲೆಕ್ಕದ ಪುಸ್ತಕ ಇಲ್ಲ. ಒಂದೇ ಪೇಜ್ ನಾಲ್ಕೈದು ಕಡೆ ಬರೆಸಿಕೊಂಡಿರಬಹುದು. ಪ್ರಾಕ್ ಅಡಿಯಲ್ಲಿ ಯಾವುದೇ ಪ್ರೊಸೆಸ್‌ನ ಸ್ಟೇಟಸ್ ಫೈಲ್ ತೆರೆದು ನೋಡಿ. ವಿಎಂ-ಆರ್‌ಎಸ್‌ಎಸ್ ಸಾಲು ಈಗ ನಿಜವಾಗಿ ರ‍್ಯಾಮ್‌ನಲ್ಲಿ ಇರುವುದನ್ನು ಹೇಳುತ್ತದೆ. ವಿಎಂ-ಲಾಕ್ ಸಾಲು ಲಾಕ್ ಆದದ್ದನ್ನು, ವಿಎಂ-ಪಿನ್ ಸಾಲು ಪಿನ್ ಆದದ್ದನ್ನು ಹೇಳುತ್ತದೆ. ಮೆಮ್‌ಇನ್ಫೋ ಫೈಲ್‌ನ ಕಮಿಟೆಡ್-ಎಎಸ್ ಸಾಲಿನದ್ದು ಬೇರೆ ಕಥೆ. ಅದು ಇಡೀ ಸಿಸ್ಟಂ ಕೊಟ್ಟ ಮಾತಿನ ಲೆಕ್ಕ, ಕೊಟ್ಟ ಮೆಮೊರಿಯದ್ದಲ್ಲ. ಸಿಗ್ರೂಪ್ ಅಂದರೆ ಒಟ್ಟಿಗೆ ಮಿತಿ ಹಾಕಲು ಮಾಡಿದ ಪ್ರೊಸೆಸ್‌ಗಳ ಗುಂಪು. ಅದರ ಮೆಮೊರಿ-ಡಾಟ್-ಕರೆಂಟ್ ಫೈಲ್‌ನಲ್ಲಿ ಇಡೀ ಗುಂಪಿನ ಲೆಕ್ಕ.

ಇಲ್ಲಿ ಹುಡುಗರು ಪ್ರತಿ ಸಲ ಎಡವುತ್ತಾರೆ. ಪಿನ್ ಮಾಡಿದ ಪೇಜ್ ಸಿಗ್ರೂಪ್ ಲೆಕ್ಕಕ್ಕೆ ಆಗಲೇ ಹತ್ತಿರುತ್ತದೆ, ಏಕೆಂದರೆ ಅದು ಬಳಕೆದಾರರ ಸ್ವಂತ ಮೆಮೊರಿ. ಮೆಮ್‌ಲಾಕ್ ಲೆಕ್ಕ ಕೇಳುವುದು ಬೇರೆ ಪ್ರಶ್ನೆ: ಇದರಲ್ಲಿ ಎಷ್ಟನ್ನು ಕರ್ನಲ್ ವಾಪಸ್ ಪಡೆಯಲಾರದು? ಎರಡೂ ಒಂದೇ ಅಂದುಕೊಂಡು ಒಂದನ್ನು ಕಿತ್ತು ಹಾಕಿದರೆ ಕೋಡ್ ಸರಳವಾಗುವುದಿಲ್ಲ, ತಪ್ಪಾಗುತ್ತದೆ. ನಿಮ್ಮ ಕೋಡ್ ಎಣಿಸುವುದು ಏನನ್ನು, ಯಾರ ಹೆಸರಿನಲ್ಲಿ, ಯಾವ ಮಿತಿಗೆ ಅಂತ ಒಂದು ವಾಕ್ಯ ಬರೆದಿಡಿ. ಬರೆಯಲು ಆಗದಿದ್ದರೆ ಕೋಡ್ ಮುಟ್ಟಬೇಡಿ.

ಹೆಜ್ಜೆ 2: ಜಮಾ-ಖರ್ಚಿನ ಹಾಳೆ

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಗಿಟ್ ಗ್ರೆಪ್‌ನಿಂದ ಕೌಂಟರ್‌ನ ಹೆಸರು ಹುಡುಕಿ. ಎಡಕ್ಕೆ ಹಚ್ಚುವ ಸಾಲುಗಳು, ಬಲಕ್ಕೆ ಇಳಿಸುವ ಸಾಲುಗಳು. ಸಾಲಿನ ಪಕ್ಕದಲ್ಲಿ ಯಾವ ಲಾಕ್ ಹಿಡಿದಿದೆ ಎಂಬುದನ್ನೂ ಬರೆಯಿರಿ.

ನಮ್ಮ ಡ್ರೈವರ್‌ನಲ್ಲಿ ಹಚ್ಚುವುದು ಮೂರು ಕಡೆ ಇತ್ತು, ಇಳಿಸುವುದು ಐದು ಕಡೆ. ಇದನ್ನು ನೋಡಿದಾಗಲೇ ಅರ್ಧ ಕಾಯಿಲೆ ತಿಳಿಯುತ್ತದೆ.

ಹೆಜ್ಜೆ 3: ಮುಟ್ಟುವ ಮೊದಲು ಅಳೆಯಿರಿ

ಈಗಿನ ನಡವಳಿಕೆ ಏನು ಅಂತ ಗೊತ್ತಿಲ್ಲದೆ ಸರಳ ಮಾಡಿದರೆ, ಆಮೇಲೆ ಏನು ಕೆಟ್ಟಿತು ಅಂತ ಹೇಳಲು ಆಗುವುದಿಲ್ಲ. ಪರೀಕ್ಷೆ ತುಂಬಾ ಸುಲಭ. ಶೆಲ್‌ನಲ್ಲಿ ಯುಲಿಮಿಟ್‌ನಿಂದ ಮೆಮ್‌ಲಾಕ್ ಮಿತಿಯನ್ನು 64 ಕಿಲೋಬೈಟ್‌ಗೆ ಇಳಿಸಿ. ಪೇಜ್ 4 ಕಿಲೋಬೈಟ್ ಆದರೆ ಇದು 16 ಪೇಜ್. ಬಹಳ ವರ್ಷ ಕರ್ನಲ್‌ನ ಡೀಫಾಲ್ಟ್ ಮಿತಿ ಇಷ್ಟೇ ಇತ್ತು. 5.16ರಲ್ಲಿ ಅದು 8 ಮೆಗಾಬೈಟ್ ಆಯಿತು. ಈಗ 16 ಪೇಜ್‌ನ ಬಫರ್ ಕೊಡಿ, ಹಿಡಿಸಬೇಕು. 17 ಕೊಡಿ, ಇಲ್ಲ ಎನ್ನಬೇಕು.

ಒಂದು ಗುಂಡಿ ಇದೆ, ನೋಡಿಕೊಳ್ಳಿ. ರೂಟ್ ಆಗಿ ಓಡಿಸಿದರೆ 17 ಏನು, 1700 ಕೊಟ್ಟರೂ ಹಿಡಿಸುತ್ತದೆ. ಐಪಿಸಿ-ಲಾಕ್ ಅಧಿಕಾರ ಇರುವವರಿಗೆ ಮಿತಿ ಅನ್ವಯಿಸುವುದಿಲ್ಲ. ಕ್ಯೂಇಎಂಯು ಒಳಗೆ ನಾವೆಲ್ಲ ರೂಟ್ ಆಗಿಯೇ ಕೂರುತ್ತೇವೆ ಅಲ್ವಾ? ಹಾಗಾಗಿ ಪರೀಕ್ಷೆ ಸುಮ್ನೆ ಪಾಸ್ ಆಗುತ್ತಾ ಹೋಗುತ್ತದೆ. ಸಾಮಾನ್ಯ ಬಳಕೆದಾರರ ಹೆಸರಿನಲ್ಲಿ ಓಡಿಸಿ. ಡಿವೈಸ್ ಫೈಲ್‌ಗೆ ಅವರು ಬರೆಯುವಂತೆ ಅನುಮತಿಯನ್ನೂ ಕೊಡಿ.

ಇನ್ನು ಮೂರು ಪರೀಕ್ಷೆ ಬೇಕು. ಒಂದು, ಬಫರ್ ನೋಂದಾಯಿಸಿ (ಅಂದರೆ ಕೊಟ್ಟು ಪಿನ್ ಮಾಡಿಸಿ) ಬಿಡಿಸುವುದನ್ನು ಹತ್ತು ಸಾವಿರ ಸಲ ಮಾಡಿ ವಿಎಂ-ಲಾಕ್ ಸಾಲು ಸೊನ್ನೆಗೆ ಬಂತಾ ನೋಡುವುದು. ನಮ್ಮ ಡ್ರೈವರ್ ಪಿನ್ ಲೆಕ್ಕವನ್ನು ಹಚ್ಚುವುದು ಆ ಸಾಲಿಗೇ. ಎರಡು, ಬಫರ್‌ನ ಕೊನೆಯ ಅರ್ಧವನ್ನು ಮೊದಲೇ ಅನ್‌ಮ್ಯಾಪ್ ಮಾಡಿ ಕೊಡುವುದು. ಆಗ ಪಿನ್ ಮಾಡುವ ಫಂಕ್ಷನ್ ಕೇಳಿದ್ದಕ್ಕಿಂತ ಕಡಿಮೆ ಪೇಜ್ ಹಿಡಿದು ವಾಪಸ್ ಬರುತ್ತದೆ. ದೋಷದ ದಾರಿ ಪರೀಕ್ಷಿಸಲು ಇದಕ್ಕಿಂತ ಸುಲಭ ಉಪಾಯ ನನಗೆ ಗೊತ್ತಿಲ್ಲ. ಮೂರನೆಯದು ಫೋರ್ಕ್, ಅಂದರೆ ಪ್ರೊಸೆಸ್ ತನ್ನದೇ ನಕಲು ಹುಟ್ಟಿಸುವುದು. ಅದರ ಕಥೆ ದೊಡ್ಡದು, ಐದನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಹೆಜ್ಜೆ 4: ಅಳಿಸಲು ಬರುತ್ತದಾ?

ಎಲ್ಲಕ್ಕಿಂತ ಸರಳ ಕೋಡ್ ಅಂದರೆ ಇಲ್ಲದ ಕೋಡ್. ನಿಮ್ಮ ಲೆಕ್ಕವನ್ನು ಬೇರೆ ಯಾರೋ ಆಗಲೇ ಬರೆಯುತ್ತಿದ್ದರೆ ನಿಮ್ಮದು ಯಾಕೆ?

ಕರ್ನಲ್ ಒಳಗೆ ಚಿಕ್ಕ ಪ್ರೋಗ್ರಾಂ ಓಡಿಸುವ ಬಿಪಿಎಫ್ ಇದಕ್ಕೆ ಚೆಂದದ ಉದಾಹರಣೆ. ಮೊದಲು ಬಿಪಿಎಫ್ ಮ್ಯಾಪ್‌ಗಳು (ಆ ಪ್ರೋಗ್ರಾಂಗಳು ಡೇಟಾ ಇಡುವ ಪಟ್ಟಿಗಳು) ತಮ್ಮ ಮೆಮೊರಿಯನ್ನು ತಾವೇ ಲೆಕ್ಕ ಹಾಕಿ ಮೆಮ್‌ಲಾಕ್ ಮಿತಿಗೆ ಹಚ್ಚುತ್ತಿದ್ದವು. ಪ್ರತಿಯೊಂದು ಬಗೆಯ ಮ್ಯಾಪ್‌ಗೂ ಎಷ್ಟು ಬೇಕಾದೀತು ಅಂತ ಮೊದಲೇ ಗುಣಿಸಿ ನೋಡುವ ಕೋಡ್ ಇತ್ತು. 2021ರ 5.11 ಕರ್ನಲ್‌ನಲ್ಲಿ ಅದೆಲ್ಲ ಹೋಯಿತು. ಮೆಮೊರಿ ಕೇಳುವಾಗ ಅಕೌಂಟ್ ಎಂಬ ಜಿಎಫ್‌ಪಿ ಫ್ಲ್ಯಾಗ್ (ಮೆಮೊರಿ ಹೇಗೆ ಬೇಕು ಅಂತ ಹೇಳುವ ಗುರುತು) ಕೊಟ್ಟರೆ ಸಿಗ್ರೂಪ್ ತಾನೇ ಹಚ್ಚಿಕೊಳ್ಳುತ್ತದೆ, ಫ್ರೀ ಮಾಡಿದಾಗ ತಾನೇ ಇಳಿಸಿಕೊಳ್ಳುತ್ತದೆ. ಇಳಿಸುವುದನ್ನು ಮರೆಯಲು ಜಾಗವೇ ಇಲ್ಲ.

ಸಿಗ್ರೂಪ್‌ನ ಮೆಮೊರಿ ಕೋಡ್ ಕೂಡ ಹೀಗೇ ಇಳಿದದ್ದು. ಒಂದು ಕಾಲದಲ್ಲಿ ಅಲ್ಲಿ ಪೇಜ್ ಹಚ್ಚಲು ಮೂರು ಹಂತ ಇತ್ತು: ಮೊದಲು ಪ್ರಯತ್ನ, ಆಮೇಲೆ ಖಾಯಂ, ನಡುವೆ ಎಡವಟ್ಟಾದರೆ ರದ್ದು. ಕರೆಯುವವರೆಲ್ಲ ಈ ಮೂರನ್ನೂ ಸರಿಯಾದ ಸಮಯಕ್ಕೆ ಕರೆಯಬೇಕು. ಮೂರು ಯಾಕೆ ಬೇಕಿತ್ತು? ಹಚ್ಚುವಾಗ ಪೇಜ್ ಫೈಲಿನದ್ದೋ, ಯಾವ ಫೈಲಿಗೂ ಸೇರದ ಅನಾಮಿಕವೋ ಅಂತ ಗೊತ್ತಿರಬೇಕಿತ್ತು. ಆ ಎರಡು ಬಗೆಗೆ ಸಿಗ್ರೂಪ್ ತನ್ನದೇ ಬೇರೆ ಬೇರೆ ಎಣಿಕೆ ಇಟ್ಟಿತ್ತು. ಹೊಸ ಪೇಜ್‌ಗೆ ಆ ಗುರುತು ಬರುವುದು ತಡವಾಗಿ. ಆದರೆ ಅದೇ ಎಣಿಕೆ ಮೆಮೊರಿ ಕೋಡ್‌ನಲ್ಲಿ ಬೇರೆ ಕಡೆ ಆಗಲೇ ನಡೆಯುತ್ತಿತ್ತು! 2020ರ 5.8ರಲ್ಲಿ ಸಿಗ್ರೂಪ್ ತನ್ನ ನಕಲು ಎಣಿಕೆ ಬಿಟ್ಟು ಮೂಲ ಎಣಿಕೆಗೇ ಹೊಂದಿಕೊಂಡಿತು. ಪೇಜ್‌ನ ಬಗೆ ಹಚ್ಚುವಾಗ ಬೇಕಾಗಲಿಲ್ಲ. ಮೂರು ಹಂತ ಒಂದಾಯಿತು.

ನನಗೆ ಇದರಲ್ಲಿ ಇಷ್ಟವಾಗುವುದು ಕ್ರಮ. ಅವರು ಮೂರು ಫಂಕ್ಷನ್ನುಗಳನ್ನು ಒಂದರೊಳಗೆ ತುರುಕಲಿಲ್ಲ. ಮೂರು ಬೇಕಾಗುವ ಕಾರಣ ಹುಡುಕಿ ಅದನ್ನೇ ತೆಗೆದರು.

ನಮ್ಮ ಡ್ರೈವರ್‌ಗೆ ಈ ಅದೃಷ್ಟ ಪೂರ್ತಿ ಇರಲಿಲ್ಲ. ಡ್ರೈವರ್ ತನಗೆಂದು ಕೇಳಿಕೊಂಡ ಪಟ್ಟಿಗಳಿಗೆ ಅಕೌಂಟ್ ಫ್ಲ್ಯಾಗ್ ಸಾಕಾಯಿತು. ಒಂದು ಹಚ್ಚುವ ಸಾಲು, ಎರಡು ಇಳಿಸುವ ಸಾಲು ಅಲ್ಲೇ ಅಳಿದವು. ಪಿನ್ ಲೆಕ್ಕ ಮಾತ್ರ ಉಳಿಯಿತು.

ಹೆಜ್ಜೆ 5: ಖಾತೆ ಯಾರದ್ದು?

ಈಗ ಗೋಣಿಚೀಲಕ್ಕೆ ಬರೋಣ. ಚೀಲ ಒಯ್ದದ್ದು ತಂದೆ. ತಂದುಕೊಟ್ಟದ್ದು ಮಗ, ಅವನಿಗೂ ಅಂಗಡಿಯಲ್ಲಿ ಬೇರೆ ಖಾತೆ. ಗಲಾಟೆಯಲ್ಲಿದ್ದ ಗುಮಾಸ್ತ ಎದುರಿಗೆ ನಿಂತವನ ಖಾತೆಯಿಂದ ಇಳಿಸುತ್ತಾನೆ. ತಂದೆಯ ಬಾಕಿ ಹಾಗೇ ಉಳಿಯಿತು. ಒಯ್ಯದ ಚೀಲ ಕೊಟ್ಟ ಮಗನ ಖಾತೆ ಸೊನ್ನೆಗಿಂತ ಕೆಳಗೆ ಹೋಯಿತು.

ಕರ್ನಲ್‌ನಲ್ಲಿ ಎದುರಿಗೆ ನಿಂತವನ ಹೆಸರು ಕರೆಂಟ್. ಈಗ ಸಿಪಿಯು ಮೇಲೆ ಓಡುತ್ತಿರುವ ಟಾಸ್ಕ್ ಅದು. ನಮ್ಮ ಡ್ರೈವರ್ ಹಚ್ಚುವಾಗಲೂ ಇಳಿಸುವಾಗಲೂ ಕರೆಂಟ್‌ನ ಎಂಎಂ ಅನ್ನೇ, ಅಂದರೆ ಆ ಪ್ರೊಸೆಸ್‌ನ ಮೆಮೊರಿಯ ವಿವರ, ಎಣಿಕೆ ಇರುವ ಸ್ಟ್ರಕ್ಟನ್ನೇ, ಹಿಡಿಯುತ್ತಿತ್ತು. ಪ್ರೊಸೆಸ್ ಒಂದೇ ಇದ್ದರೆ ಏನೂ ತೊಂದರೆ ಇಲ್ಲ. ಫೋರ್ಕ್ ಮಾಡಿ ನೋಡಿ. ತಂದೆ 16 ಪೇಜ್ ನೋಂದಾಯಿಸುತ್ತದೆ, ಫೋರ್ಕ್ ಮಾಡುತ್ತದೆ, ಫೈಲ್ ಮುಚ್ಚುತ್ತದೆ. ಮಗುವಿನ ಕೈಯಲ್ಲಿ ಅದೇ ಫೈಲ್ ಇನ್ನೂ ತೆರೆದಿದೆ. ಕೊನೆಗೆ ಮಗು ಮುಚ್ಚಿದಾಗ ರಿಲೀಸ್ ಫಂಕ್ಷನ್ ಓಡುವುದು ಮಗುವಿನ ಹೆಸರಿನಲ್ಲಿ. ಫೋರ್ಕ್ ಆದಾಗ ಲಾಕ್ ಎಣಿಕೆ ಮಗುವಿಗೆ ಬರುವುದಿಲ್ಲ, ಸೊನ್ನೆಯಿಂದ ಶುರುವಾಗುತ್ತದೆ. ಸೊನ್ನೆಯಲ್ಲಿ 16 ಕಳೆದರೆ?

ಚಿಹ್ನೆ ಇಲ್ಲದ 64 ಬಿಟ್ ಸಂಖ್ಯೆ ಅದು. ಕೆಳಗೆ ಹೋಗುವುದಿಲ್ಲ, ಸುತ್ತಿಕೊಂಡು ತುತ್ತತುದಿಗೆ ಹೋಗುತ್ತದೆ. ವಿಎಂ-ಲಾಕ್ ಸಾಲಿನಲ್ಲಿ 18446744073709551552 ಕಿಲೋಬೈಟ್ ಅಂತ ಕಾಣುತ್ತದೆ.

ಇಂಥದ್ದೇ ಒಂದರಲ್ಲಿ ನಾನು ವರ್ಷಗಳ ಹಿಂದೆ ಎರಡು ದಿನ ಕಳೆದುಕೊಂಡೆ. ಕೋಡ್ ನಾನೇ ಬರೆದದ್ದು, ಬೈಯಲೂ ಯಾರೂ ಇರಲಿಲ್ಲ. ಆ ಸಂಖ್ಯೆ ನಾನು ನೋಡಿರಲೇ ಇಲ್ಲ. ನನಗೆ ಕಂಡದ್ದು ವಿಚಿತ್ರ ಲಕ್ಷಣ: 10 ಪೇಜ್ ಕೇಳಿದರೆ ಮೆಮೊರಿ ಇಲ್ಲ ಅನ್ನುತ್ತಿತ್ತು, 20 ಕೇಳಿದರೆ ಕೊಡುತ್ತಿತ್ತು. ಲೆಕ್ಕ ಬಿಡಿಸಿ ನೋಡಿ. ಮೈನಸ್ 16ಕ್ಕೆ 10 ಕೂಡಿದರೆ ಮೈನಸ್ 6, ಅಂದರೆ ಚಿಹ್ನೆ ಇಲ್ಲದ ಲೋಕದಲ್ಲಿ ಬೃಹತ್ ಸಂಖ್ಯೆ, ಮಿತಿ ದಾಟಿತು. 20 ಕೂಡಿದರೆ 4, ಮಿತಿಯೊಳಗೆ. 32ರವರೆಗೂ ಹಿಡಿಸುತ್ತದೆ. ಚಿಕ್ಕದು ಬೇಡ, ದೊಡ್ಡದು ಸರಿ ಅನ್ನುವ ಮಿತಿ ಕಂಡರೆ ಇನ್ನು ಮುಂದೆ ನೇರ ಇಲ್ಲಿಗೇ ಬನ್ನಿ.

ಇದು ಕಲಿಯುವವರ ತಪ್ಪು ಮಾತ್ರ ಅಂದುಕೊಳ್ಳಬೇಡಿ. ವರ್ಚುವಲ್ ಮಷಿನ್‌ಗಳಿಗೆ ಡಿವೈಸ್ ಕೊಡುವ ವಿಎಫ್‌ಐಓ ಕೋಡ್‌ನಲ್ಲೂ ಇದರ ಅಣ್ಣತಮ್ಮ ಇತ್ತು. ಅಲ್ಲಿ ಫೋರ್ಕ್ ಬದಲು ಎಕ್ಸೆಕ್, ಅಂದರೆ ಅದೇ ಪ್ರೊಸೆಸ್ ಬೇರೆ ಪ್ರೋಗ್ರಾಂ ಓಡಿಸಲು ಶುರು ಮಾಡುವುದು. ಎಕ್ಸೆಕ್ ಆದಾಗ ಟಾಸ್ಕ್ ಅದೇ ಇರುತ್ತದೆ, ಎಂಎಂ ಹೊಸದು ಬರುತ್ತದೆ, ಅದರ ಎಣಿಕೆ ಸೊನ್ನೆ. ಆಮೇಲೆ ಹಳೆಯದನ್ನು ಬಿಡಿಸಿದರೆ ಎಣಿಕೆ ಸುತ್ತಿಕೊಳ್ಳುತ್ತಿತ್ತು. 2023ರ 6.3 ಕರ್ನಲ್‌ನಲ್ಲಿ ಸರಿಯಾಯಿತು.

ಪರಿಹಾರ ಅಪ್ಪ ಮಾಡಿದ್ದೇ. ಚೀಲದ ಕಟ್ಟಿನ ಜೊತೆಗೇ ಒಂದು ಚೀಟಿ ಹೋಗುತ್ತಿತ್ತು, ಅದರ ಮೇಲೆ ಖಾತೆ ನಂಬರ್. ವಾಪಸ್ ತಂದವರು ಯಾರೇ ಆಗಲಿ, ಇಳಿಸುವುದು ಚೀಟಿಯ ಖಾತೆಯಿಂದ. ಕೋಡ್‌ನಲ್ಲಿ ಹೀಗೆ: ನೋಂದಾಯಿಸುವಾಗಲೇ ಎಂಎಂ ಪಾಯಿಂಟರನ್ನು ಬಫರ್‌ನ ಸ್ಟ್ರಕ್ಟ್ ಒಳಗೆ ಇಟ್ಟುಕೊಳ್ಳಿ. ಎಷ್ಟು ಪೇಜ್ ಹಚ್ಚಿದಿರಿ ಎಂಬುದನ್ನೂ ಅಲ್ಲೇ ಇಡಿ. ಇಳಿಸುವಾಗ ಮತ್ತೆ ಗುಣಿಸಿ ಭಾಗಿಸಿ ಕಂಡುಹಿಡಿಯಬೇಡಿ, ಬರೆದದ್ದನ್ನು ಓದಿ. ಕರೆಂಟ್ ಕಡೆ ತಿರುಗಿಯೂ ನೋಡಬೇಡಿ. ಪ್ರೊಸೆಸ್ ಸಾಯುವಾಗ ಎಂಎಂ ಮೊದಲು ಕಳಚುತ್ತದೆ, ಫೈಲ್‌ಗಳು ಆಮೇಲೆ ಮುಚ್ಚುತ್ತವೆ. ಕಿಲ್ ಆದ ಪ್ರೊಸೆಸ್‌ನ ರಿಲೀಸ್‌ನಲ್ಲಿ ಕರೆಂಟ್‌ಗೆ ಎಂಎಂ ಇರುವುದೇ ಇಲ್ಲ, ನಲ್ ಸಿಗುತ್ತದೆ.

ಪಾಯಿಂಟರ್ ಇಟ್ಟುಕೊಳ್ಳುವಾಗ ಎಂಎಂ-ಗ್ರ್ಯಾಬ್ ಬಳಸಿ, ಬಿಡುವಾಗ ಎಂಎಂ-ಡ್ರಾಪ್. ಎಂಎಂ-ಗೆಟ್ ಬೇಡ. ಗ್ರ್ಯಾಬ್ ಆ ಸ್ಟ್ರಕ್ಟನ್ನು ಮಾತ್ರ ಉಳಿಸುತ್ತದೆ. ಗೆಟ್ ಇಡೀ ಅಡ್ರೆಸ್ ಸ್ಪೇಸನ್ನು ಜೀವಂತ ಇಡುತ್ತದೆ. ಆ ಅಡ್ರೆಸ್ ಸ್ಪೇಸ್ ನಿಮ್ಮದೇ ಡಿವೈಸ್ ಫೈಲನ್ನು ಮ್ಯಾಪ್ ಮಾಡಿಕೊಂಡಿದ್ದರೆ ಒಂದನ್ನೊಂದು ಹಿಡಿದುಕೊಂಡು ಎರಡೂ ಸಾಯುವುದಿಲ್ಲ.

ಹೆಜ್ಜೆ 6: ಇದ್ದದ್ದನ್ನೇ ಬಳಸಿ

ಮಿತಿ ನೋಡಿ ಕೂಡುವ, ಕಳೆಯುವ ಹತ್ತಿಪ್ಪತ್ತು ಸಾಲು ನೀವೇ ಬರೆಯಬೇಕಿಲ್ಲ. 2019ರ 5.3 ಕರ್ನಲ್‌ವರೆಗೆ ಈ ಸಾಲುಗಳ ನಕಲು ಐದು ಫೈಲ್‌ಗಳಲ್ಲಿತ್ತು. ಎರಡು ವಿಎಫ್‌ಐಓದಲ್ಲಿ, ಎರಡು ಪವರ್‌ಪಿಸಿ ಭಾಗದಲ್ಲಿ, ಒಂದು ಎಫ್‌ಪಿಜಿಎ ಡ್ರೈವರ್‌ನಲ್ಲಿ. ಆಗ ಅಕೌಂಟ್-ಲಾಕ್ಡ್-ವಿಎಂ ಎಂಬ ಒಂದೇ ಫಂಕ್ಷನ್ ಬಂದು ಐದೂ ಅದಕ್ಕೆ ಸೇರಿದವು. ಎಂಎಂ, ಪೇಜ್ ಸಂಖ್ಯೆ, ಹಚ್ಚಬೇಕೋ ಇಳಿಸಬೇಕೋ: ಮೂರೇ ಆರ್ಗ್ಯುಮೆಂಟ್.

ನಕಲುಗಳನ್ನು ಒಂದು ಮಾಡುವಾಗ ಅವಸರ ಬೇಡ. ನಕಲು ಅಂದುಕೊಂಡದ್ದು ನಕಲೇ ಆಗಿರುವುದಿಲ್ಲ. ವಿಎಫ್‌ಐಓಗೆ ಕರೆಂಟ್ ಅಲ್ಲದ ಟಾಸ್ಕ್‌ನ ಮಿತಿ ನೋಡಬೇಕಿತ್ತು, ಮಿತಿ ದಾಟುವ ಅಧಿಕಾರವನ್ನೂ ಬೇರೆ ರೀತಿ ತಿಳಿಯುತ್ತಿತ್ತು. ಅದಕ್ಕೇ ಅದೇ ಹೆಸರಿನ ಮುಂದೆ ಎರಡು ಅಂಡರ್‌ಸ್ಕೋರ್ ಇರುವ ಇನ್ನೊಂದು ರೂಪ ಇದೆ. ಟಾಸ್ಕ್ ಮತ್ತು ಅಧಿಕಾರ ಎರಡನ್ನೂ ಅದಕ್ಕೆ ಕೈಯಿಂದ ಕೊಡಬಹುದು. ನಿಮ್ಮ ನಕಲುಗಳನ್ನು ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ. ಪ್ರತಿ ವ್ಯತ್ಯಾಸಕ್ಕೂ "ಬೇಕೆಂದೇ ಮಾಡಿದ್ದು" ಅಥವಾ "ಮರೆತದ್ದು" ಅಂತ ಗುರುತು ಹಾಕಿ. ನಮ್ಮಲ್ಲಿ ಒಂದು ಕಡೆ ದೊಡ್ಡದು ಅಥವಾ ಸಮ ಅಂತಲೂ, ಇನ್ನೊಂದು ಕಡೆ ಬರೀ ದೊಡ್ಡದು ಅಂತಲೂ ಇತ್ತು. ಒಂದು ದಾರಿಯಲ್ಲಿ 16ನೇ ಪೇಜ್ ಹಿಡಿಸುತ್ತಿತ್ತು, ಇನ್ನೊಂದರಲ್ಲಿ ಇಲ್ಲ. ಬರೆದ ಹುಡುಗಿಯೇ ನಕ್ಕಳು.

ಈ ಫಂಕ್ಷನ್ ಎಂಎಂನ ಎಂಮ್ಯಾಪ್ ಲಾಕನ್ನು ಬರೆಯಲೆಂದು ತಾನೇ ಹಿಡಿಯುತ್ತದೆ. ನೀವು ಆಗಲೇ ಆ ಲಾಕ್ ಹಿಡಿದು ಕರೆದರೆ ಅಲ್ಲೇ ನಿಂತುಬಿಡುತ್ತದೆ. ಆಗಲೂ ಅಂಡರ್‌ಸ್ಕೋರ್ ರೂಪವೇ ಬೇಕು. ಕಾನ್ಫಿಗ್‌ನಲ್ಲಿ ಪ್ರೂವ್-ಲಾಕಿಂಗ್ ಆನ್ ಇಟ್ಟಿದ್ದರೆ ಕರ್ನಲ್ ತಾನೇ ಬೈದು ಹೇಳುತ್ತದೆ.

ಹೆಜ್ಜೆ 7: ಮೊದಲು ಹಚ್ಚಿ, ಆಮೇಲೆ ಹಿಡಿಯಿರಿ

ಹಿಡಿದ ಮೇಲೆ ಮಿತಿ ನೋಡಿದರೆ, ಮಿತಿ ದಾಟಿದ ಪೇಜ್‌ಗಳು ಒಂದು ಕ್ಷಣವಾದರೂ ಹಿಡಿತದಲ್ಲಿರುತ್ತವೆ. ಹಾಗಾಗಿ ಪೂರ್ತಿ ಸಂಖ್ಯೆಯನ್ನು ಮೊದಲು ಹಚ್ಚಿ. ಆಮೇಲೆ ಪಿನ್ ಮಾಡಿ. 100 ಕೇಳಿ 60 ಮಾತ್ರ ಸಿಕ್ಕರೆ 60 ಬಿಡಿಸಿ, 100 ಇಳಿಸಿ. ಹಚ್ಚಿದ್ದು 100 ಅಲ್ವಾ? ಇಲ್ಲಿ 60 ಇಳಿಸಿ 40 ಸೋರಿಸುವವರೇ ಜಾಸ್ತಿ.

ಬಿಡಿಸುವ, ಇಳಿಸುವ, ಎಂಎಂ-ಡ್ರಾಪ್ ಮಾಡುವ ಮೂರನ್ನೂ ಒಂದೇ ಫಂಕ್ಷನ್‌ಗೆ ಹಾಕಿ. ದೋಷದ ದಾರಿ, ಬಿಡಿಸುವ ಐಆಕ್ಟಲ್ (ಪ್ರೋಗ್ರಾಂ ಡ್ರೈವರ್‌ಗೆ ಕೊಡುವ ಆಜ್ಞೆ), ರಿಲೀಸ್, ಎಲ್ಲವೂ ಅದನ್ನೇ ಕರೆಯಲಿ. ಬಫರ್ ಪಟ್ಟಿಯಿಂದ ಹೊರಬಿದ್ದ ಮೇಲೆ ಮಾತ್ರ ಕರೆಯಬೇಕು. ಇಲ್ಲದಿದ್ದರೆ ಎರಡು ಥ್ರೆಡ್ ಸೇರಿ ಎರಡು ಸಲ ಇಳಿಸುತ್ತವೆ. ಪಟ್ಟಿಯಿಂದ ತೆಗೆಯುವುದನ್ನು ಡ್ರೈವರ್‌ನ ಲಾಕ್ ಒಳಗೆ ಮಾಡಿ, ಇಳಿಸುವುದನ್ನು ಹೊರಗೆ.

ಹೆಜ್ಜೆ 8: ವೇಗದ ಆಸೆ ಈಗ ಬೇಡ

ಯಾರಾದರೂ ಒಬ್ಬರು ಇಲ್ಲಿ ಪರ್-ಸಿಪಿಯು ಕೌಂಟರ್ (ಪ್ರತಿ ಸಿಪಿಯುಗೂ ಬೇರೆ ಎಣಿಕೆ) ಹಾಕೋಣ ಅನ್ನುತ್ತಾರೆ. ಬಫರ್ ನೋಂದಣಿ ದಿನಕ್ಕೆ ನಾಲ್ಕು ಸಲ ನಡೆಯುವ ಕೆಲಸ. ಅದಕ್ಕೆ ಒಂದು ಲಾಕ್ ಸಾಕು.

ಪ್ರತಿ ಪೇಜ್ ಫಾಲ್ಟ್‌ನಲ್ಲೂ ನಡೆಯುವ ಲೆಕ್ಕಕ್ಕೆ ಮಾತ್ರ ಬೇರೆ ನ್ಯಾಯ. ಸಿಗ್ರೂಪ್ ಮೊದಲು ಬೈಟ್‌ಗಳಲ್ಲಿ ಎಣಿಸುತ್ತಾ, ಗುಂಪಿನೊಳಗೆ ಗುಂಪಾಗಿ ಬೆಳೆದ ಮರದ ಪ್ರತಿ ಮಟ್ಟದಲ್ಲೂ ಸ್ಪಿನ್‌ಲಾಕ್ ಹಿಡಿಯುತ್ತಿತ್ತು. 2015ರ 3.19ರಲ್ಲಿ ಪೇಜ್-ಕೌಂಟರ್ ಬಂತು. ಎಣಿಕೆ ಪೇಜ್‌ಗಳಲ್ಲಿ, ಲಾಕ್ ಇಲ್ಲ. ಮೊದಲು ಕೂಡಿಬಿಡುತ್ತದೆ, ಮಿತಿ ದಾಟಿದರೆ ಕಳೆಯುತ್ತದೆ. ದೊಡ್ಡ ಬೇಡಿಕೆಯೊಂದು ಕೂಡಿ ಕಳೆಯುವ ನಡುವೆ ಚಿಕ್ಕ ಬೇಡಿಕೆ ಬಂದರೆ, ಜಾಗ ಇದ್ದರೂ ಅದಕ್ಕೆ ಇಲ್ಲ ಅನ್ನಬಹುದು. ಇದು ಗೊತ್ತಿದ್ದೇ ಒಪ್ಪಿಕೊಂಡ ನಷ್ಟ, ಕೋಡ್‌ನ ಕಾಮೆಂಟ್‌ನಲ್ಲೂ ಬರೆದಿದ್ದಾರೆ. ಅಲ್ಲದೆ ಪ್ರತಿ ಸಿಪಿಯು ಮುಂಗಡವಾಗಿ ಒಂದಿಷ್ಟು ಪೇಜ್ ಹಚ್ಚಿ ಜೇಬಿನಲ್ಲಿ ಇಟ್ಟುಕೊಳ್ಳುತ್ತದೆ. 2022ರಲ್ಲಿ ಈ ಮುಂಗಡ 32 ಪೇಜ್‌ನಿಂದ 64ಕ್ಕೆ ಏರಿತು. 64 ಪೇಜ್ ಅಂದರೆ 256 ಕಿಲೋಬೈಟ್. 8 ಸಿಪಿಯು ಇದ್ದರೆ ಮೆಮೊರಿ-ಡಾಟ್-ಕರೆಂಟ್ 2 ಮೆಗಾಬೈಟ್‌ವರೆಗೆ ಜಾಸ್ತಿ ತೋರಿಸಬಹುದು. ಅದನ್ನು ಸೋರಿಕೆ ಅಂತ ಹುಡುಕಿ ಭಾನುವಾರ ಹಾಳು ಮಾಡಿಕೊಳ್ಳಬೇಡಿ. ನಾವು ಮಾಡಿಕೊಂಡಿದ್ದೇವೆ, ಬೆಣ್ಣೆ ದೋಸೆಯೂ ತಣ್ಣಗಾಯಿತು.

ಹೆಜ್ಜೆ 9: ತುಂಡು ತುಂಡಾಗಿ ಕಳಿಸಿ

ನಡವಳಿಕೆ ಬದಲಾಗುವ ಪ್ಯಾಚ್ ಬೇರೆ, ಬದಲಾಗದ ಪ್ಯಾಚ್ ಬೇರೆ. ನಮ್ಮದು ನಾಲ್ಕಾಯಿತು. ಮೊದಲನೆಯದು ಎಂಎಂ ಇಟ್ಟುಕೊಳ್ಳುವ ಪ್ಯಾಚ್. ಅದು ಬಗ್ ಸರಿ ಮಾಡುತ್ತದೆ, ಹಳೇ ಕರ್ನಲ್‌ಗೂ ಹೋಗಬೇಕಾಗಬಹುದು, ಹಾಗಾಗಿ ಎಲ್ಲಕ್ಕಿಂತ ಮುಂದೆ. ಎರಡನೆಯದು ಮಿತಿಯ ಹೋಲಿಕೆ ಸರಿ ಮಾಡುವುದು. ಮೂರನೆಯದು ಇಳಿಸುವುದನ್ನು ಒಂದೇ ಫಂಕ್ಷನ್‌ಗೆ ತರುವುದು. ಕೊನೆಯದು ಅಕೌಂಟ್-ಲಾಕ್ಡ್-ವಿಎಂ ಬಳಸುವುದು ಮತ್ತು ಅಕೌಂಟ್ ಫ್ಲ್ಯಾಗ್. ಪ್ರತಿ ಪ್ಯಾಚ್ ಆದ ಮೇಲೂ ಬಿಲ್ಡ್ ಆಗಬೇಕು, ಮೂರನೇ ಹೆಜ್ಜೆಯ ಪರೀಕ್ಷೆ ಓಡಬೇಕು. ಇಲ್ಲದಿದ್ದರೆ ನಾಳೆ ಗಿಟ್ ಬೈಸೆಕ್ಟ್‌ನಿಂದ ಬಗ್ ತಂದ ಪ್ಯಾಚ್ ಹುಡುಕುವವರು ನಿಮ್ಮ ನಡುವಿನ ಪ್ಯಾಚ್‌ನಲ್ಲಿ ಸಿಕ್ಕಿಕೊಳ್ಳುತ್ತಾರೆ.

ಪ್ಯಾಚ್‌ನ ವಿವರಣೆಯಲ್ಲಿ ಸಾಲು ಎಷ್ಟು ಕಡಿಮೆಯಾಯಿತು ಅಂತ ಬರೆಯುವುದು ಕಡೆಗೆ ಇರಲಿ. ಮೊದಲು ಬರೆಯಬೇಕಾದದ್ದು ಫೋರ್ಕ್‌ನ ಕಥೆ: ಯಾರು ತೆರೆದರು, ಯಾರು ಮುಚ್ಚಿದರು, ಯಾರ ಎಣಿಕೆ ಎಲ್ಲಿಗೆ ಹೋಯಿತು, ವಿಎಂ-ಲಾಕ್ ಸಾಲಿನಲ್ಲಿ ಏನು ಕಂಡಿತು. ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸಿ. ಯಾರಿಗೆ ಕಳಿಸಬೇಕು ಅನ್ನುವುದನ್ನು ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ.

ನಮ್ಮ ಹಾಳೆಯ ಎಡಕ್ಕೆ ಈಗ ಒಂದೇ ಸಾಲು ಇದೆ, ಬಲಕ್ಕೂ ಒಂದೇ. ಫೋರ್ಕ್ ಪರೀಕ್ಷೆಯಲ್ಲಿ ಮಗು ಫೈಲ್ ಮುಚ್ಚಿದ ಮೇಲೆ ತಂದೆಯ ವಿಎಂ-ಲಾಕ್ ಸೊನ್ನೆ, ಮಗುವಿನದ್ದೂ ಸೊನ್ನೆ. ಎಕ್ಸೆಕ್ ಪರೀಕ್ಷೆ ಇನ್ನೂ ಬರೆದಿಲ್ಲ. ಅದು ಮುಂದಿನ ಭಾನುವಾರಕ್ಕೆ.